ದಿಮ್ಮಿ ಹರಿಸುವ ‘ಫ್ಲೂಮ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ನೆವಾಡಾದ ಬೆಳ್ಳಿ ಗಣಿಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಫ್ಲೂಮ್’ ಎಂಬಲ್ಲಿಗೆ ಬಂದು ನಾಲ್ಕು ದಿನಗಳಿಂದ ನಿಂತಿದ್ದೇನೆ. ಮೊದಲು ‘ಕಾಲುವೆ’ ಎಂದು ಬರೆದು ಹೊಡೆದುಹಾಕಿದೆ, ಆಮೇಲೆ ‘ನಾಲೆ’ಯನ್ನೂ. ಅವು ನೆಲ ಅಗೆದು ಮಾಡುವಂಥವು. ಇದು ಮರದ ಕಂಬಗಳ ಮೇಲೆ ನಿಂತು, ಕಣಿವೆ ದಾಟಿ ಬೆಟ್ಟ ಇಳಿಯುವ ಹಲಗೆಯ ನೀರುದಾರಿ.

ವರ್ಜೀನಿಯಾ ಸಿಟಿಯ ಗಣಿಗಳಲ್ಲಿ ಸುರಂಗ ಕುಸಿಯದಂತೆ ಆನಿಸಲು ರಾಶಿ ರಾಶಿ ಮರ ಬೇಕಾಗುತ್ತಿತ್ತು. ಕಾಡು ಇದ್ದದ್ದು ಸಿಯೆರಾ ಬೆಟ್ಟಗಳಲ್ಲಿ. ಅಲ್ಲಿಂದ ದಿಮ್ಮಿಗಳನ್ನು ಫ್ಲೂಮ್ ನೀರಿನಲ್ಲಿ ತೇಲಿಸಿ ಕೆಳಗಿಳಿಸುತ್ತಿದ್ದರು. ಚೌಕ ತಳದ ಫ್ಲೂಮ್‌ನಲ್ಲಿ ದಿಮ್ಮಿ ಸಿಕ್ಕಿಕೊಂಡು ನೀರು ಹೊರಚೆಲ್ಲುತ್ತಿತ್ತು. 1860ರ ದಶಕದ ಕೊನೆಯಲ್ಲಿ ಜೆ. ಡಬ್ಲ್ಯು. ಹೇನ್ಸ್ ಹಲಗೆಗಳನ್ನು ‘ವಿ’ ಆಕಾರಕ್ಕೆ ಜೋಡಿಸಿದರು. ಆಗ ದಿಮ್ಮಿ ಎಲ್ಲಾದರೂ ತಡೆದರೆ ಅದರ ಹಿಂದೆ ನೀರು ಏರುತ್ತದೆ. ಮೇಲಕ್ಕೆ ಹೋದಂತೆ ಜಾಗ ಅಗಲವಾಗುವುದರಿಂದ ದಿಮ್ಮಿ ತಾನೇ ಎದ್ದು ಹೊರಡುತ್ತದೆ. ಎಂಥ ಚೆಂದದ ಉಪಾಯ!

ಹೆಂಚಿನ ಎರಡು ಮಾಡುಗಳು ಕೂಡುವಲ್ಲಿ ಮಳೆನೀರಿಗೆಂದು ಹಾಕುವ ತಗಡನ್ನು ‘ದೋಣಿ’ ಎನ್ನುತ್ತೇವಲ್ಲ, ಆಕಾರವೂ ಅದೇ. ‘ದೋಣಿ’ಯೇ ಸರಿ ಎಂದು ಖುಷಿಪಟ್ಟೆ. ಮರುಪುಟದಲ್ಲೇ ತೊಡಕು: 1875ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ವರದಿಗಾರ ರ‍್ಯಾಮ್ಸ್‌ಡೆಲ್, ಗಣಿ ಮಾಲೀಕರಾದ ಫೇರ್ ಮತ್ತು ಫ್ಲಡ್ ಜೊತೆಗೆ, ಫ್ಲೂಮ್‌ನೊಳಗೆ ದೋಣಿ ಇಳಿಸಿ 15 ಮೈಲಿಯನ್ನು 35 ನಿಮಿಷದಲ್ಲಿ ಜಾರಿ ಬಂದರು. ‘ದೋಣಿಯಲ್ಲಿ ದೋಣಿ ತೇಲಿತು’ ಎಂದು ಬರೆದರೆ ಓದುಗರಿಗೆ ಏನು ತಿಳಿದೀತು?

ಈಗ ಮನಸ್ಸು ‘ದಬ್ಬೆ’ಯ ಕಡೆ ವಾಲಿದೆ. ನಮ್ಮ ಮನೆಯ ಹಂಡೆಗೆ ಗುಡ್ಡದ ಅಬ್ಬಿ ನೀರು ಬರುತ್ತಿದ್ದುದು ಅಡಿಕೆ ದಬ್ಬೆಯಲ್ಲಿ. ಮರವನ್ನು ಉದ್ದಕ್ಕೆ ಸೀಳಿ, ತಿರುಳು ಕೆತ್ತಿ, ಕವೆಗೋಲುಗಳ ಮೇಲೆ ಒಂದರ ತುದಿಯನ್ನು ಇನ್ನೊಂದರ ಬಾಯಿಗೆ ಕೂರಿಸುತ್ತಿದ್ದರು. ಸಂದಿನಲ್ಲಿ ಸದಾ ನೀರು ತೊಟ್ಟಿಕ್ಕಿ ಕೆಳಗೆ ಪಾಚಿ ಬೆಳೆದಿರುತ್ತಿತ್ತು. ಆದ್ದರಿಂದ ‘ದಬ್ಬೆಗಾಲುವೆ’ ಎಂದರೆ ಆದೀತೇ? ಬಯಲುಸೀಮೆಯವರಿಗೆ ‘ದಬ್ಬೆ’ ಎಂದರೆ ಬಿದಿರಿನ ಸೀಳಷ್ಟೇ ನೆನಪಾಗಬಹುದೆಂಬ ಅಳುಕಿದೆ.

ಇನ್ನೊಂದು ಪದ: ಫ್ಲೂಮ್ ಪಕ್ಕದ ಗುಡಿಸಲಿನಲ್ಲಿದ್ದು, ಕೊಕ್ಕೆಗೋಲಿನಿಂದ ದಿಮ್ಮಿಗಳ ಸಿಕ್ಕು ಬಿಡಿಸುತ್ತಿದ್ದವನನ್ನು ಅಲ್ಲಿ ‘ಫ್ಲೂಮ್ ಹರ್ಡರ್’ ಎನ್ನುತ್ತಿದ್ದರು. ನಮ್ಮ ಕೆರೆಯ ‘ನೀರುಗಂಟಿ’ ಹತ್ತಿರದವನೇ, ಆದರೆ ಅವನು ಕಾಯುವುದು ನೀರನ್ನು. ಕುರಿಗಾಹಿ, ದನಗಾಹಿಯಂತೆ ‘ದಿಮ್ಮಿಗಾಹಿ’ ಎಂದು ಬರೆದಿದ್ದೇನೆ. ಇದನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ನಿಮ್ಮ ಕಡೆ ಕಂಬಗಳ ಮೇಲೆ ನೀರು ಹಾಯಿಸುವ ಮರದ ಹರಿವಿಗೆ ಏನೆನ್ನುತ್ತಾರೆ? ತೋಟದಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ.