ಹೊಸ ವರ್ಷದ ಗುರಿಗಳು ಕೊನೇವರೆಗೂ ಉಳಿಯಬೇಕಾದರೆ ಏನು ಮಾಡಬೇಕು? ನಿಮ್ಮ ಅನುಭವ ಹೇಳಿ

ಪ್ರಶ್ನೆ:
ಹೊಸ ವರ್ಷ ಹತ್ತಿರ ಬಂತು. ಆರೋಗ್ಯ, ಓದು, ಉಳಿತಾಯ, ಮನೆಯವರ ಜೊತೆ ಕಳೆಯೋ ಸಮಯ, ಎಲ್ಲದರಲ್ಲೂ ಏನಾದರೂ ಸುಧಾರಣೆ ಆಗಲಿ ಅಂತ ಆಸೆ ಇದೆ. ಬರೆಯೋಕೆ ಕೂತರೆ ಪುಟ ತುಂಬುತ್ತೆ, ಆದರೆ ಫೆಬ್ರವರಿ ದಾಟಿ ಒಂದೂ ಉಳಿಯಲ್ಲ. ವರ್ಷಪೂರ್ತಿ ಗುರಿ ಬಿಡದೆ ನಡೆಸಿಕೊಂಡು ಬಂದವರು ದಯವಿಟ್ಟು ನೀವು ಹೇಗೆ ಮಾಡಿದಿರಿ ಅಂತ ತಿಳಿಸಿ.

ಉತ್ತರ:
ಮೇಡಂ, ಮನಸ್ಸಿಗೆ ಬಂದದ್ದನ್ನೆಲ್ಲ ಬರೆದುಬಿಡಿ, ಅದು ಒಳ್ಳೇದೇ. ಬರೆದ ಮೇಲೆ ಎರಡನ್ನು ಮಾತ್ರ ಇಟ್ಟುಕೊಂಡು ಮಿಕ್ಕಿದ್ದನ್ನು ಬೇರೆ ಹಾಳೆಗೆ ದಾಟಿಸಿ. ನಾನು ವರ್ಷಗಳಿಂದ ಹೀಗೇ ಮಾಡ್ತಾ ಬಂದಿದ್ದೀನಿ. ಕಷ್ಟದ ಕೆಲಸ ಇರೋದು ಆ ಆಯ್ಕೆಯಲ್ಲೇ, ಅದಕ್ಕೆ ಒಂದು ಸಂಜೆ ಪೂರ್ತಿ ಕೊಟ್ಟರೂ ನಷ್ಟ ಇಲ್ಲ.

ಆಮೇಲೆ ಆ ಎರಡನ್ನು ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಮಾಡ್ತೀರಿ ಅನ್ನೋದನ್ನೂ ಸೇರಿಸಿ ಬರೆಯಿರಿ. ‘ಈ ವರ್ಷ ಜಾಸ್ತಿ ಓದಬೇಕು’ ಅಂತ ಬರೆದುಕೊಂಡರೆ ಇವತ್ತು ರಾತ್ರಿ ಏನು ಮಾಡಬೇಕು ಅಂತ ಗೊತ್ತಾಗಲ್ಲ. ‘ರಾತ್ರಿ ಹಲ್ಲುಜ್ಜಿ ಬಂದ ಕೂಡಲೇ ಹತ್ತು ಪುಟ ಓದ್ತೀನಿ’ ಅಂತ ಬರೆದರೆ ಗೊತ್ತಾಗುತ್ತೆ. ಇದು ನನ್ನ ಸ್ವಂತ ಉಪಾಯ ಅಲ್ಲ. ಪೀಟರ್ ಗಾಲ್ವಿಟ್ಜರ್ ಅನ್ನೋ ಮನೋವಿಜ್ಞಾನಿ 1990ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ‘ಇಂಥದ್ದು ಆದಾಗ ಇಂಥದ್ದು ಮಾಡ್ತೀನಿ’ ಅಂತ ಮೊದಲೇ ಗೊತ್ತುಮಾಡಿಕೊಂಡವರು, ಬರೀ ಗುರಿ ಇಟ್ಟುಕೊಂಡವರಿಗಿಂತ ಹೆಚ್ಚಾಗಿ ಅದನ್ನ ನಡೆಸ್ತಾರೆ ಅಂತ ಅವರ ಪ್ರಯೋಗಗಳು ತೋರಿಸಿವೆ.

ಜಾಗ ಸಿದ್ಧ ಮಾಡೋದನ್ನೂ ಮರೆಯಬೇಡಿ. ನಾನು ಬೆಳಿಗ್ಗೆ ಹಾಸಿಗೆ ಮಡಚುವಾಗಲೇ ಪುಸ್ತಕವನ್ನ ದಿಂಬಿನ ಮೇಲೆ ಇಡ್ತೀನಿ. ರಾತ್ರಿ ಮಲಗಬೇಕಾದರೆ ಅದನ್ನ ಕೈಗೆ ತೆಗೆದುಕೊಳ್ಳಲೇಬೇಕು. ಫೋನ್ ಚಾರ್ಜರ್ ಇರೋದು ಹಾಲ್‌ನಲ್ಲಿ.

ಉತ್ತರ:
ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಗುರಿಯನ್ನ ‘ಬಿಡ್ತೀನಿ’ ಅಂತ ಬರೆಯೋ ಬದಲು ‘ಮಾಡ್ತೀನಿ’ ಅಂತ ಬರೆಯಿರಿ. ಸ್ವೀಡನ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನರ ಹೊಸ ವರ್ಷದ ಸಂಕಲ್ಪಗಳನ್ನ ಒಂದು ವರ್ಷ ಗಮನಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹೊಸದಾಗಿ ಏನನ್ನೋ ಮಾಡೋ ಗುರಿ ಇಟ್ಟುಕೊಂಡವರಲ್ಲಿ ಸುಮಾರು 59% ಜನ ಯಶಸ್ಸು ಸಿಕ್ಕಿತು ಅಂದರೆ, ಏನನ್ನೋ ಬಿಡೋ ಗುರಿಯವರಲ್ಲಿ 47% ಜನ ಮಾತ್ರ ಹಾಗೆ ಹೇಳಿದರು. ‘ತಡರಾತ್ರಿ ಫೋನ್ ನೋಡಲ್ಲ’ ಅನ್ನೋದನ್ನ ನಾನು ‘ಹತ್ತೂವರೆಗೆ ಫೋನ್ ಹೊರಗಿಟ್ಟು ಬರ್ತೀನಿ’ ಅಂತ ಬದಲಾಯಿಸಿಕೊಂಡೆ. ಅಂದಿನಿಂದ ನಿದ್ದೆ ಚೆನ್ನಾಗಿದೆ.

ಉತ್ತರ:
21 ದಿನ ಮಾಡಿದರೆ ಅಭ್ಯಾಸ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದದ್ದೇ ಬೇರೆ: ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳೋಕೆ ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ. ಬಾಯಿಂದ ಬಾಯಿಗೆ ಹೋಗ್ತಾ ‘ಕಡಿಮೆ ಅಂದರೂ’ ಅನ್ನೋದು ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು ಅಳೆದು ನೋಡಿದಾಗ ಸರಾಸರಿ 66 ದಿನ ಬಂತು, ಅದೂ 18ರಿಂದ 254 ದಿನದವರೆಗೆ ವ್ಯತ್ಯಾಸ. ಹಾಗಾಗಿ ಜನವರಿ ಕೊನೆಗೆ ‘ಇನ್ನೂ ರೂಢಿ ಆಗಿಲ್ಲ’ ಅನ್ನಿಸಿದರೆ ನಿಮ್ಮಲ್ಲಿ ಕೊರತೆ ಇದೆ ಅಂತ ಅಲ್ಲ, ಅದು ಸಹಜ.

ಅದೇ ಅಧ್ಯಯನದಲ್ಲಿ ನನಗೆ ಬಹಳ ಧೈರ್ಯ ಕೊಟ್ಟ ವಿಷಯ ಇನ್ನೊಂದಿದೆ: ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯೋದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಹಾಗಾಗಿ ನಾನು ಪ್ರತಿ ಗುರಿಯ ಪಕ್ಕದಲ್ಲೇ ಅದರ ಚಿಕ್ಕ ರೂಪವನ್ನೂ ಬರೆದಿಡ್ತೀನಿ. ಅರ್ಧ ಗಂಟೆ ನಡಿಗೆ ಆಗದ ದಿನ ಬೂಟು ಹಾಕಿಕೊಂಡು ರಸ್ತೆಯ ತುದಿವರೆಗೆ ಹೋಗಿ ಬಂದರೆ ಸಾಕು. ಕೆಲವು ಸಲ ಅಲ್ಲಿಂದ ಹಾಗೇ ಮುಂದಕ್ಕೂ ಹೋಗ್ತೀನಿ.

ಉತ್ತರ:
ನನ್ನದು ಸ್ವಲ್ಪ ಬೇರೆ ಅನುಭವ. ಅಮ್ಮ ಹಾಸಿಗೆ ಹಿಡಿದ ವರ್ಷ ನಾನು ಹೊಸ ಗುರಿ ಏನೂ ಇಟ್ಟುಕೊಳ್ಳಲಿಲ್ಲ. ದಿನಾ ಮಧ್ಯಾಹ್ನ ಅವರು ನಿದ್ದೆ ಹೋದಾಗ ಇಪ್ಪತ್ತು ನಿಮಿಷ ನಾನೂ ಮಲಗಬೇಕು, ಅಷ್ಟೇ. ಆ ಇಪ್ಪತ್ತು ನಿಮಿಷ ನನ್ನನ್ನ ಕಾಪಾಡಿತು. ನಿಮ್ಮ ಮನೆ ಪರಿಸ್ಥಿತಿ ನೋಡಿಕೊಂಡು ಗುರಿ ಇಡಿ ತಂಗಿ, ಬೇರೆಯವರ ಪಟ್ಟಿ ನೋಡಿ ಅಲ್ಲ.

ಜನವರಿ 1ಕ್ಕೇ ಶುರು ಆಗಬೇಕು ಅಂತಲೂ ಇಲ್ಲ. ವಾರದ ಮೊದಲ ದಿನ, ತಿಂಗಳ ಮೊದಲು, ಹುಟ್ಟುಹಬ್ಬ ಆದ ಮೇಲೆ, ಇಂಥ ಹೊತ್ತಲ್ಲೂ ಜನಕ್ಕೆ ಹೊಸ ಹುಮ್ಮಸ್ಸು ಬರುತ್ತೆ ಅಂತ 2014ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಜಿಮ್‌ಗೆ ಹೋಗೋರ ಲೆಕ್ಕದಲ್ಲೂ ಅದು ಕಂಡಿತ್ತು. ಮಾರ್ಚ್‌ನಲ್ಲಿ ನಿಂತುಹೋದರೆ ಏಪ್ರಿಲ್ ಮೊದಲ ವಾರ ಮತ್ತೆ ಶುರು ಮಾಡಿ.

ಪ್ರಶ್ನೆ ಕೇಳಿದವರು:
ಇಷ್ಟು ಬಿಡಿಸಿ ಬರೆದ ಎಲ್ಲರಿಗೂ ಧನ್ಯವಾದ. ಪಟ್ಟಿಯಿಂದ ಎರಡು ಆರಿಸಿದೆ. ಉಳಿತಾಯಕ್ಕೆ, ಸಂಬಳ ಬಂದ ಮರುದಿನ ಒಂದು ಮೊತ್ತ ತಾನಾಗಿ ಬೇರೆ ಖಾತೆಗೆ ಹೋಗೋ ಹಾಗೆ ಬ್ಯಾಂಕಿಗೆ ಹೇಳಿಡ್ತೀನಿ. ನಡಿಗೆಗೆ, ಕೆಲಸ ಮುಗಿಸಿ ಮನೆಗೆ ಬಂದು ಚೀಲ ಇಟ್ಟ ಕೂಡಲೇ, ಕೂರೋದಕ್ಕೆ ಮೊದಲೇ, ಮಗಳನ್ನ ಕರೆದುಕೊಂಡು ಹೊರಡ್ತೀನಿ. ಅವಳಿಗೆ ಆಗಲೇ ಹೇಳಿದ್ದೀನಿ, ಖುಷಿಯಿಂದ ಒಪ್ಪಿದಳು. ಓದನ್ನ ಎರಡನೇ ಹಾಳೆಗೆ ದಾಟಿಸಿದ್ದೀನಿ, ಏಪ್ರಿಲ್‌ನಲ್ಲಿ ತೆಗೆದು ನೋಡ್ತೀನಿ.