ಕೋಲಾರದ ಬೋರ್ ನೀರಿನಲ್ಲಿ ನಿಯಾನ್ ಟೆಟ್ರಾ ಮೀನು ಉಳಿಯುತ್ತಿಲ್ಲ, ಗಪ್ಪಿ ಮಾತ್ರ ಆರಾಮಾಗಿವೆ. ಯಾಕೆ?

ಮೀನುಮನೆ_ಕೋಲಾರ:
ಎಲ್ಲರಿಗೂ ನಮಸ್ಕಾರ. ಎರಡಡಿ ಟ್ಯಾಂಕ್, ಸುಮಾರು 55 ಲೀಟರ್, ಸ್ಪಂಜ್ ಫಿಲ್ಟರ್ ಇದೆ, ಕೆಲವು ತಿಂಗಳಿಂದ ಓಡುತ್ತಿದೆ. ಗಪ್ಪಿಗಳು ಮರಿ ಮೇಲೆ ಮರಿ ಹಾಕುತ್ತಿವೆ. ಆದರೆ ನಿಯಾನ್ ತಂದು ಬಿಟ್ಟರೆ ವಾರ ದಾಟುವುದೇ ಕಷ್ಟ. ಮೊದಲು ಕೆಂಪು ಪಟ್ಟಿ ಮಾಸುತ್ತದೆ, ಆಮೇಲೆ ಗುಂಪು ಬಿಟ್ಟು ಫಿಲ್ಟರ್ ಹಿಂದೆ ಒಂದೇ ಕಡೆ ನಿಂತು ಜೋರಾಗಿ ಕಿವಿರು ಬಡಿಯುತ್ತದೆ, ಬೆಳಿಗ್ಗೆ ನೋಡಿದರೆ ಹೋಗಿರುತ್ತದೆ. ನೀರು ತಿಳಿಯಾಗೇ ಇದೆ. ಬರೀ ಬೋರ್ ನೀರು, ಕ್ಲೋರಿನ್ ಇಲ್ಲ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 900 ತೋರಿಸುತ್ತದೆ. ಅಂಗಡಿಯವರು ಪ್ರತಿ ಸಲ ಒಂದು ನೀಲಿ ಔಷಧಿ ಕೊಟ್ಟು ಕಳಿಸುತ್ತಾರೆ, ಏನೂ ಪ್ರಯೋಜನ ಇಲ್ಲ.

ಗೌರಿಬಿದನೂರು_ಗಪ್ಪಿ:
ಆ 900ರಲ್ಲೇ ಉತ್ತರ ಇದೆಯಲ್ಲ ಗುರು. ಟ್ಯಾಂಕಿನ ಗಾಜಿನ ಮೇಲೆ ನೀರಿನ ಮಟ್ಟದಲ್ಲಿ ಸುಣ್ಣದ ಬಿಳಿ ಗೆರೆ ಕಟ್ಟಿರಬೇಕು, ಉಗುರಲ್ಲಿ ಕೆರೆದರೂ ಹೋಗಲ್ಲ, ಅಲ್ವಾ? ನಮ್ಮ ಕಡೆಯ ಆಳದ ಬೋರುಗಳ ಕಥೆ ಇದೇ, ಗೀಸರ್ ಕಾಯಿಲ್ ಹಾಳಾಗುವುದೂ ಇದರಿಂದಲೇ. ನಿಯಾನ್ ಮೂಲತಃ ಅಮೆಜಾನ್ ಕಡೆಯದು, ಅಲ್ಲಿನ ಕಾಡಿನ ಹಳ್ಳಗಳಲ್ಲಿ ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ, ಸುಣ್ಣದ ಅಂಶವೇ ಇಲ್ಲದಂಥ ಮೆದು ನೀರು. ಅಂಗಡಿಗೆ ಬರುವ ನಿಯಾನ್ ಹೆಚ್ಚಾಗಿ ಫಾರ್ಮಿನಲ್ಲಿ ಹುಟ್ಟಿದ್ದು, ಸ್ವಲ್ಪ ಗಡಸು ನೀರು ತಡೆಯುತ್ತದೆ, ಆದರೆ 900 ತುಂಬಾ ಜಾಸ್ತಿ. ಅದರಲ್ಲೂ ಅಂಗಡಿಯ ನೀರು 200 ಇದ್ದು, ನೀವು ಮೀನು ತಂದ ಕವರ್ ಹಾಗೇ ಟ್ಯಾಂಕಿಗೆ ಬಗ್ಗಿಸಿದರೆ ಮೀನು ತಡೆಯುವುದಿಲ್ಲ.

ಗಪ್ಪಿ, ಮಾಲಿ, ಪ್ಲಾಟಿಗೆ ಗಡಸು ನೀರೇ ಇಷ್ಟ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವುದೂ ಗಪ್ಪಿಯನ್ನೇ. ನನ್ನ ಮಾತು ಕೇಳಿದರೆ ನಿಯಾನ್ ಆಸೆ ಬಿಡಿ, ಪ್ಲಾಟಿ ಹಾಕಿ. ಆ ನೀಲಿ ಔಷಧಿಯನ್ನೂ ನಿಲ್ಲಿಸಿ. ಕೆಲವು ಔಷಧಿಗಳು ಫಿಲ್ಟರಿನಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ, ಆಗ ಅಮೋನಿಯಾ ಏರಿ ಗಪ್ಪಿಗಳೂ ಹೋಗುತ್ತವೆ.

ತುಮಕೂರು_ಟೆಟ್ರಾ:
ಆಸೆ ಬಿಡಿ ಅಂದುಬಿಟ್ಟರೆ ಹೇಗೆ ಸಾರ್! ಮನೆಯಲ್ಲಿ ಕುಡಿಯೋಕೆ ಆರ್‌ಒ ಇದ್ದೇ ಇರುತ್ತದೆ. ಮೂರು ಪಾಲು ಆರ್‌ಒ, ಒಂದು ಪಾಲು ಬೋರ್ ಬೆರೆಸಿ. ಆರ್‌ಒ 50 ಇದ್ದರೆ ಬೆರಕೆ 260ರ ಆಸುಪಾಸು ಬರುತ್ತದೆ. ಫಾರ್ಮ್ ನಿಯಾನ್‌ಗೆ ಸಾಕು. ಬರೀ ಆರ್‌ಒ ಮಾತ್ರ ಹಾಕಬೇಡಿ, ಅದರಲ್ಲಿ ಖನಿಜ ತೀರಾ ಕಡಿಮೆ, ಪಿಹೆಚ್ (ನೀರು ಎಷ್ಟು ಹುಳಿ ಅನ್ನುವ ಅಳತೆ) ಯಾವಾಗ ಕುಸಿಯುತ್ತದೋ ಹೇಳೋಕಾಗಲ್ಲ. ಗಪ್ಪಿ ಇರುವ ಟ್ಯಾಂಕಿಗೆ ಒಂದೇ ದಿನ ಬದಲಾಯಿಸದೆ, ವಾರಕ್ಕೆ ಕಾಲು ಭಾಗದಂತೆ ಬೆರಕೆ ನೀರು ಹಾಕುತ್ತಾ ಇಳಿಸಿ. ಆಮೇಲೆ ನಿಯಾನ್ ತನ್ನಿ, ಆರಕ್ಕಿಂತ ಕಡಿಮೆ ಬೇಡ. ಕವರ್ ಬಕೆಟ್ಟಿಗೆ ಬಗ್ಗಿಸಿ, ಏರ್ ಪೈಪಿಗೆ ಗಂಟು ಹಾಕಿ ಟ್ಯಾಂಕ್ ನೀರನ್ನು ತೊಟ್ಟು ತೊಟ್ಟಾಗಿ ಒಂದು ಗಂಟೆ ಬಿಡಿ.

ಮೀನುಮನೆ_ಕೋಲಾರ:
ಬಿಳಿ ಗೆರೆ ಇದೆ, ಬ್ಲೇಡಿಗೂ ಜಗ್ಗಲ್ಲ 😄 ಮಹಡಿ ಮೇಲೆ ಉಪ್ಪು ಹಾಕುವ ಸಾಫ್ಟ್‌ನರ್ ಇದೆ, ಆ ನೀರು ಆಗಲ್ವಾ? ಆರ್‌ಒ ನೀರನ್ನು ಮೀನಿಗೆ ಹಿಡಿದರೆ ಅಮ್ಮ ಸುಮ್ನೆ ಇರಲ್ಲ.

ತುಮಕೂರು_ಟೆಟ್ರಾ:
ಬೇಡ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ ಅಷ್ಟೆ, ಟಿಡಿಎಸ್ ಇಳಿಯುವುದಿಲ್ಲ. ಮೀಟರ್ ಅದ್ದಿ ನೋಡಿ.

ಗೌರಿಬಿದನೂರು_ಗಪ್ಪಿ:
ಅದಕ್ಕೇ ನಾನು ಪ್ಲಾಟಿ ಅಂದದ್ದು. ಪ್ರತಿ ವಾರ ಹದಿನೈದು ಲೀಟರ್ ಬದಲಾಯಿಸಬೇಕು, ಅದರಲ್ಲಿ ಹನ್ನೊಂದು ಲೀಟರ್ ಆರ್‌ಒ. ಅಷ್ಟಕ್ಕೆ ಎರಡು ಪಟ್ಟೋ ಮೂರು ಪಟ್ಟೋ ನೀರು ಮೋರಿಗೆ ಹೋಗುತ್ತದೆ. ಟ್ಯಾಂಕರ್ ತರಿಸುವ ಮನೆಯಲ್ಲಿ ಇದು ಯಾವ ನ್ಯಾಯ? ಮಳೆಗಾಲದಲ್ಲಿ ಶುದ್ಧವಾದ ತಾರಸಿಯ ಮಳೆನೀರು ಹಿಡಿದಿಟ್ಟುಕೊಂಡರೆ ಬೇರೆ ಮಾತು. ಮೊದಲ ಮಳೆ ಬಿಟ್ಟು ಹಿಡಿಯಿರಿ.

ಮೀನುಮನೆ_ಕೋಲಾರ:
ಸರಿ, ಸದ್ಯಕ್ಕೆ ಪ್ಲಾಟಿ. ಜೊತೆಗೆ ಟೈಗರ್ ಬಾರ್ಬ್ ನಾಲ್ಕು ಹಾಕಲಾ? ಅದೂ ಚೆನ್ನಾಗಿ ಕಾಣುತ್ತದೆ.

ಗೌರಿಬಿದನೂರು_ಗಪ್ಪಿ:
ಗಪ್ಪಿಗಳ ಬಾಲ ಉಳಿಯಬೇಕಾ ಬೇಡವಾ? ಬಾರ್ಬ್ ಅದನ್ನು ಕಚ್ಚಿ ಕಚ್ಚಿ ಮೊಂಡು ಮಾಡುತ್ತದೆ, ನಾಲ್ಕೇ ಇದ್ದರಂತೂ ಇನ್ನೂ ಜಾಸ್ತಿ. ಮಾಲಿ ತನ್ನಿ. ಡಿಸೆಂಬರಿಗೆ ಮುಂಚೆ 50 ವ್ಯಾಟ್ ಹೀಟರ್ ಕೂಡ ತಂದಿಟ್ಟುಕೊಳ್ಳಿ, ನಮ್ಮ ಕಡೆ ಚಳಿಗೆ ಮಾಲಿಗಳಿಗೆ ಬಿಳಿ ಚುಕ್ಕೆ ರೋಗ ಬೇಗ ಬರುತ್ತದೆ.