ಕಾಫಿ ಚರಟ ಹಾಕಿದ ಕುಂಡದಲ್ಲಿ ನೀರು ಇಳಿಯುತ್ತಿಲ್ಲ, ಎಲೆಯೂ ಹಳದಿ

ಪ್ರಶ್ನೆ:
ಫಿಲ್ಟರಿನಲ್ಲಿ ಉಳಿಯೋ ಚರಟವನ್ನ ದಿನಾ ತಾರಸಿಯ 12 ಇಂಚಿನ ಗುಲಾಬಿ, ಕರಿಬೇವಿನ ಕುಂಡಗಳಿಗೆ ಹಾಗೇ ಸುರೀತಿದ್ದೆ. ಒಂದು ತಿಂಗಳಿಗೆ ಮೇಲೆ ಹಕ್ಕಳೆ ಕಟ್ಟಿ ಬಿಳಿ ಬೂಷ್ಟು ಬಂದಿದೆ. ನೀರು ಹಾಕಿದ್ರೆ ಅಂಚಿನಿಂದ ಜಾರಿ ಹೋಗುತ್ತೆ. ಕೆಳಗಿನ ಎಲೆಗಳು ಹಳದಿ. ಚರಟ ಹುಳಿ, ಸುಣ್ಣ ಹಾಕಿ ಅಂತಾರೆ. ಹಾಕಲಾ? ಮಿಕ್ಕ ಡಿಕಾಕ್ಷನ್ ಏನು ಮಾಡೋದು?

ಉತ್ತರ 1:
ಸುಣ್ಣ ಖಂಡಿತ ಬೇಡ. ಹುಳಿಯ ಬಹುಪಾಲು ಡಿಕಾಕ್ಷನ್ ಜೊತೆಗೇ ಇಳಿದುಹೋಗಿರುತ್ತೆ. ಚರಟದ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕಡಿಮೆ ಆದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 6.5ರ ಆಸುಪಾಸು, ಗುಲಾಬಿಗೆ ಒಗ್ಗುವಷ್ಟೇ. ತೊಂದರೆ ಇರೋದು ಪುಡಿಯ ನುಣುಪಿನಲ್ಲಿ. ಸಣ್ಣ ಕಣಗಳು ಒತ್ತಾಗಿ ಕೂತು ಒಣಗಿದರೆ ಬಿಲ್ಲೆಯ ಹಾಗೆ ಗಟ್ಟಿಯಾಗಿ ನೀರನ್ನ ಒಳಗೆ ಬಿಡಲ್ಲ. ಆ ಬಿಲ್ಲೆಯನ್ನ ಪೂರ್ತಿ ಎತ್ತಿ ತೆಗೀರಿ. ಬೇರಿಗೆ ತಾಗದ ಹಾಗೆ ಒಂದಿಂಚು ಮಣ್ಣು ಕೆದಕಿ, ಅರ್ಧ ಗಂಟೆ ಬಿಟ್ಟು ಎರಡು ಸಲ ನಿಧಾನವಾಗಿ ನೀರುಣಿಸಿ. ಮುಂದೆ ಚರಟವನ್ನ ಪೇಪರ್ ಮೇಲೆ ತೆಳ್ಳಗೆ ಹರಡಿ ಒಣಗಿಸಿ, ಕುಂಡಕ್ಕೆ ತಿಂಗಳಿಗೆ 2 ಚಮಚ ಮಣ್ಣಿಗೆ ಬೆರೆಸಿದರೆ ಸಾಕು. ಬೂಷ್ಟಿನಿಂದ ಗಿಡಕ್ಕೆ ಅಪಾಯ ಇಲ್ಲ.

ಉತ್ತರ 2:
ಹಳದಿ ಎಲೆಗೆ ಕಾರಣ ಎರಡಿರಬಹುದು. ಒಂದು, ನೀರು ಬೇರಿಗೆ ಸೇರದೆ ಇರೋದು. ಇನ್ನೊಂದು, ಕೊಳೆಯದ ಚರಟ. ಅದರಲ್ಲಿ ಸುಮಾರು ಶೇ. 2ರಷ್ಟು ಸಾರಜನಕ ಇದೆ, ಆದರೆ ಗಿಡಕ್ಕೆ ತಕ್ಷಣ ದಕ್ಕಲ್ಲ. ಕೊಳೆಸೋ ಸೂಕ್ಷ್ಮಜೀವಿಗಳು ಮಣ್ಣಲ್ಲಿರೋದನ್ನೂ ಮೊದಲು ತಾವೇ ಬಳಸಿಕೊಳ್ತವೆ. ಈಗ ಒಂದು ಹಿಡಿ ಎರೆಗೊಬ್ಬರ ಕೊಡಿ.

ನನ್ನ ಮಟ್ಟಿಗೆ ಚರಟಕ್ಕೆ ಸರಿಯಾದ ಜಾಗ ಕಾಂಪೋಸ್ಟ್ ಡಬ್ಬಿಯೇ. 1 ಬುಟ್ಟಿ ಚರಟಕ್ಕೆ 4 ಬುಟ್ಟಿ ತರಗೆಲೆ. ಚರಟ ಐದನೇ ಒಂದು ಪಾಲು ಮೀರಬಾರದು. ವಾರಕ್ಕೊಮ್ಮೆ ತಿರುವಿ. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಬಂದರೆ ಹದ ಸರಿ. ಧಾರೆಯಾಗಿ ಸೋರಿದರೆ, ಮೂಗಿಗೆ ಘಾಟು ಹೊಡೆದರೆ ಇನ್ನಷ್ಟು ತರಗೆಲೆ ಸೇರಿಸಿ. ಮಳೆಗಾಲದಲ್ಲಿ ಚರಟ ಒಣಗೋಕೆ ಕಾಯಬೇಡಿ, ಹಸಿಯದನ್ನೇ ಇದಕ್ಕೆ ಹಾಕಿ. ಬೀಜ ಬಿತ್ತೋ ಟ್ರೇಗೆ ಮಾತ್ರ ಹಸಿ ಚರಟ ಬೇಡ, ಉಳಿದಿರೋ ಕೆಫೀನ್ ಮೊಳಕೆಯನ್ನ ಕುಂಠಿಸುತ್ತೆ.

ಉತ್ತರ 3:
ಡಿಕಾಕ್ಷನ್ ಬಗ್ಗೆ: ಹಾಲು, ಸಕ್ಕರೆ ಬೆರೆತದ್ದು ಕುಂಡಕ್ಕೆ ಬೇಡವೇ ಬೇಡ. ಇರುವೆ, ಸಣ್ಣ ನೊಣ, ಹುಳಿ ವಾಸನೆ ಮೂರೂ ಬರ್ತವೆ. ಬರೀ ಡಿಕಾಕ್ಷನ್ ಆದರೆ 1 ಲೋಟಕ್ಕೆ 5 ಲೋಟ ನೀರು ಬೆರೆಸಿ, ಪೂರ್ತಿ ತಣಿದ ಮೇಲೆ, ತಿಂಗಳಿಗೊಮ್ಮೆ, ಒದ್ದೆ ಮಣ್ಣಿಗೆ. ಅದರಲ್ಲಿ ಪೋಷಕಾಂಶ ತೀರಾ ಕಡಿಮೆ, ಹಾಗಾಗಿ ಕಾಂಪೋಸ್ಟ್ ಒಣಗಿದಾಗ ಅದಕ್ಕೆ ಚಿಮುಕಿಸೋದೇ ವಾಸಿ. ಚಿಕೋರಿ ಪುಡಿ ಬೆರೆತಿದ್ದರೂ ಪರವಾಗಿಲ್ಲ. ಗುಲಾಬಿ ಹೂ ಬಿಡೋಕೆ ರಂಜಕ, ಪೊಟ್ಯಾಷ್ ಬೇಕು. ಚರಟ ಒಂದನ್ನೇ ನಂಬಬೇಡಿ, ಕೊಟ್ಟಿಗೆ ಗೊಬ್ಬರ ನಿಲ್ಲಿಸಬೇಡಿ.